ವಾಟಗದ ಅಳತೆಯೋ, ತಕ್ಕಡಿಯ ತೂಕವೋ: ಯಾವ ಸಾಮಾನಿಗೆ ಯಾವುದು

ಗದಗಿನಲ್ಲಿರುವ ನಮ್ಮ ವೈನಿಯವರು (ಅತ್ತಿಗೆ) ಹೋಳಿಗೆಯ ಹೂರಣದ ಪ್ರಮಾಣವನ್ನು ಫೋನಿನಲ್ಲಿ ಹೇಳಿದಾಗ ನಾನು ಅದನ್ನು ಹಾಗೆಯೇ ಬರೆದುಕೊಂಡಿದ್ದೆ: ಐದು ವಾಟಗ ಕಡಲೆಬೇಳೆ, ಒಂದು ಕಿಲೋ ಬೆಲ್ಲ. ವಾಟಗವೆಂದರೆ ನಮ್ಮ ಕಡೆಯ ಅಡುಗೆಮನೆಯ ಸಣ್ಣ ಬಟ್ಟಲು. ಧಾರವಾಡದ ನಮ್ಮ ಮನೆಯಲ್ಲಿ ಅದೇ ಪ್ರಮಾಣದಲ್ಲಿ ಮಾಡಿದ ಹೂರಣವು ಕಣಕದೊಳಗೆ ನಿಲ್ಲದಷ್ಟು ಸಡಿಲವಾಯಿತು, ಸಿಹಿಯೂ ಗಂಟಲಿಗೆ ಹತ್ತುವಷ್ಟಾಯಿತು. ಬೆಲ್ಲವೇ ಸರಿಯಿಲ್ಲವೆಂದು ಅಂಗಡಿಯವರನ್ನು ದೂರಿದ್ದೂ ಆಯಿತು. ಮುಂದಿನ ಸಲ ಗದಗಿಗೆ ಹೋಗುವಾಗ ನಮ್ಮ ವಾಟಗವನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೀರು ತುಂಬಿ ನೋಡಿದೆವು. ಅವರದು 240 ಮಿ.ಲೀ. ಹಿಡಿಯುತ್ತಿತ್ತು, ನಮ್ಮದು 160. ಅಂದರೆ ಅವರ ಐದು ವಾಟಗ ಬೇಳೆ ಸುಮಾರು ಒಂದು ಕಿಲೋ ತೂಗಿದರೆ ನಮ್ಮ ಐದು ವಾಟಗ ಬೇಳೆ 670 ಗ್ರಾಂ ಆಸುಪಾಸಿನಲ್ಲಿಯೇ ನಿಲ್ಲುತ್ತಿತ್ತು. ಬೆಲ್ಲ ಮಾತ್ರ ಎರಡೂ ಮನೆಯಲ್ಲಿ ಅದೇ ಒಂದು ಕಿಲೋ. “ನಾ ಬರೋಬ್ಬರಿನ ಹೇಳಿದ್ದೆ, ಯಾವ ವಾಟಗಾ ಅಂತ ನೀ ಕೇಳಲಿಲ್ಲ” ಎಂದು ವೈನಿಯವರು ನಕ್ಕರು.

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಐದು ವಾಟಗ ಬೇಳೆಗೆ ಇಷ್ಟು ವಾಟಗ ಬೆಲ್ಲವೆಂದು ಪೂರ್ತಿ ವಾಟಗದ ಲೆಕ್ಕದಲ್ಲಿಯೇ ಹೇಳಿದ್ದರೆ, ಬೆಲ್ಲವನ್ನು ಇಬ್ಬರೂ ಒಂದೇ ರೀತಿಯಲ್ಲಿ ಕುಟ್ಟಿ ತುಂಬುವವರಾಗಿದ್ದ ಪಕ್ಷದಲ್ಲಿ, ಹೂರಣ ಕಡಿಮೆ ಆಗುತ್ತಿತ್ತೇ ಹೊರತು ಕೆಡುತ್ತಿರಲಿಲ್ಲ. ಪೂರ್ತಿ ಗ್ರಾಮಿನಲ್ಲಿ ಹೇಳಿದ್ದರೂ ಕೆಡುತ್ತಿರಲಿಲ್ಲ. ಒಂದನ್ನು ಪಾತ್ರೆಯಿಂದಲೂ ಇನ್ನೊಂದನ್ನು ತಕ್ಕಡಿಯಿಂದಲೂ ಹೇಳಿದಲ್ಲಿ ಮಾತ್ರ ಪಾತ್ರೆಯ ಗಾತ್ರ ನಡುವೆ ಬಂದು ಲೆಕ್ಕ ತಪ್ಪುತ್ತದೆ. ನಮ್ಮ ಭಾಗದ ಮನೆಗಳಲ್ಲಿ ಬಾಯಿಂದ ಬಾಯಿಗೆ ಬರುವ ಪ್ರಮಾಣಗಳಲ್ಲಿ ಬಹಳಷ್ಟು ಹೀಗೆ ಬೆರಕೆಯವೇ ಆಗಿರುತ್ತವೆ, ಏಕೆಂದರೆ ಬೆಲ್ಲ, ತುಪ್ಪ, ಖವಾ, ಮೆಣಸಿನಕಾಯಿಗಳು ಅಂಗಡಿಯಿಂದ ಕಿಲೋ ಲೆಕ್ಕದಲ್ಲಿ ಬರುತ್ತವೆ, ಬೇಳೆ ಮತ್ತು ಹಿಟ್ಟುಗಳು ಮನೆಯ ಡಬ್ಬಿಯಿಂದ ವಾಟಗದಲ್ಲಿ ಹೊರಬೀಳುತ್ತವೆ.

ಅಳತೆಯನ್ನು ತೂಕಕ್ಕೆ ತಿರುಗಿಸಬೇಕೆನ್ನುವವರ ಮುಂದೆ ಇರುವ ದಾರಿಗಳು ಮುಖ್ಯವಾಗಿ ಮೂರು. ಇಂಟರ್‌ನೆಟ್ಟಿನಲ್ಲಿ ಸಿಗುವ ಸಿದ್ಧ ಕೋಷ್ಟಕವನ್ನು ನಂಬುವುದು ಮೊದಲನೆಯದು. ಮಾರುಕಟ್ಟೆಯ ಅಳತೆ ಕಪ್ಪು-ಚಮಚಗಳ ಜೋಡಣೆಯನ್ನು ಕೊಂಡು ಎಲ್ಲವನ್ನೂ ಅದರಲ್ಲಿಯೇ ಅಳೆಯುವುದು ಎರಡನೆಯದು. ಸಣ್ಣ ಡಿಜಿಟಲ್ ತಕ್ಕಡಿಯೊಂದನ್ನು ತಂದು ನಮ್ಮದೇ ವಾಟಗಕ್ಕೆ ನಮ್ಮದೇ ಕೋಷ್ಟಕ ಮಾಡಿಕೊಳ್ಳುವುದು ಮೂರನೆಯದು. ನನ್ನ ಒಲವು ಮೂರನೆಯದರ ಕಡೆಗಿದೆ, ಆದರೆ ಎಲ್ಲ ಸಾಮಾನಿಗೂ ಅಲ್ಲ; ಕೆಲವಕ್ಕೆ ತಕ್ಕಡಿ ವ್ಯರ್ಥ ಶ್ರಮ, ಕೆಲವಕ್ಕೆ ಅದು ಹಾನಿಕರವೂ ಹೌದು.

ಸಿದ್ಧ ಕೋಷ್ಟಕದ ತೊಂದರೆ

‘ಒಂದು ಕಪ್ಪು’ ಎಂಬುದು ಒಂದೇ ಅಲ್ಲ. ಅಮೆರಿಕದ ಕಪ್ಪು ಸುಮಾರು 237 ಮಿ.ಲೀ.; ಅಲ್ಲಿಯ ಪೌಷ್ಟಿಕಾಂಶದ ಚೀಟಿಗಳಲ್ಲಿ ಅದನ್ನೇ 240 ಎಂದು ಹಿಡಿಯುತ್ತಾರೆ. ಮೆಟ್ರಿಕ್ ಕಪ್ಪು 250 ಮಿ.ಲೀ. ಜಪಾನಿನದು 200. ವಿದ್ಯುತ್ ರೈಸ್ ಕುಕ್ಕರಿನೊಂದಿಗೆ ಬರುವ ಪ್ಲಾಸ್ಟಿಕ್ ಲೋಟ ಸಾಮಾನ್ಯವಾಗಿ 180 ಮಿ.ಲೀ.ನದು, ಅದು ಜಪಾನಿನ ಹಳೆಯ ಅಕ್ಕಿಯ ಅಳತೆ. ಆ ಲೋಟವನ್ನೇ ಕಪ್ಪೆಂದು ತಿಳಿದು ಕೇಕಿಗೆ ಮೈದಾ ಅಳೆದವರನ್ನು ನಾನು ಬಲ್ಲೆ. ದೊಡ್ಡ ಚಮಚದ ಕಥೆಯೂ ಹೀಗೆಯೇ: ಹೆಚ್ಚಿನ ಕಡೆ ಅದು 15 ಮಿ.ಲೀ., ಆಸ್ಟ್ರೇಲಿಯಾದಲ್ಲಿ 20.

ಆದರೂ 237ಕ್ಕೂ 250ಕ್ಕೂ ಇರುವ ವ್ಯತ್ಯಾಸ ನೂರಕ್ಕೆ ಐದಾರು ಮಾತ್ರ. ಜನರು ಇದನ್ನೇ ದೊಡ್ಡದು ಮಾಡಿ ಚರ್ಚಿಸುತ್ತಾರೆ. ಹಿಟ್ಟನ್ನು ತುಂಬುವ ಕೈಯಿಂದಾಗುವ ವ್ಯತ್ಯಾಸ ಇದರ ನಾಲ್ಕೈದು ಪಟ್ಟು ಇರುತ್ತದೆಂಬುದನ್ನು ಮಾತ್ರ ಮರೆಯುತ್ತಾರೆ. ಒಂದು ಕೋಷ್ಟಕವು ಒಂದು ಕಪ್ಪಿನಷ್ಟು ಮೈದಾಕ್ಕೆ 120 ಗ್ರಾಂ ಎಂದರೆ ಇನ್ನೊಂದು 140 ಎಂದು ಹೇಳುವುದು ಈ ಕಾರಣದಿಂದ. ಎರಡೂ ಸರಿಯೇ. ಮೊದಲಿನವರು ಚಮಚದಿಂದ ಹಗುರವಾಗಿ ತುಂಬಿ ಮೇಲನ್ನು ಸಮ ಮಾಡಿದ್ದಾರೆ, ಎರಡನೆಯವರು ಕಪ್ಪನ್ನೇ ಡಬ್ಬಿಯೊಳಗೆ ಅದ್ದಿ ಎತ್ತಿದ್ದಾರೆ.

ಇಂಥ ಗೊಂದಲ ನಮಗೆ ಹೊಸದೇನೂ ಅಲ್ಲ. ಅಜ್ಜಿಯರ ಕಾಲದ ‘ಸೇರು’ ತೂಕವೂ ಆಗಿತ್ತು, ಪಾತ್ರೆಯೂ ಆಗಿತ್ತು. ತೂಕದ ಪಕ್ಕಾ ಸೇರು ಎಂದರೆ 80 ತೊಲೆ, ಇಂದಿನ ಲೆಕ್ಕದಲ್ಲಿ ಸುಮಾರು 933 ಗ್ರಾಂ. ಅದರ ಹದಿನಾರನೆಯ ಭಾಗವಾದ ಚಟಾಕು ಸುಮಾರು 58 ಗ್ರಾಂ. ಹೊಸ ಸೊಸೆ ಹೊಸ್ತಿಲಲ್ಲಿ ಒದ್ದು ಒಳಬರುವ ಅಕ್ಕಿಯ ಸೇರು ಮಾತ್ರ ಪಾತ್ರೆ. ಹಳೆಯ ನೋಟುಬುಕ್ಕಿನಲ್ಲಿ ಜೋಳ, ಅಕ್ಕಿ, ಬೇಳೆಗಳ ಮುಂದೆ ಸೇರೆಂದು ಬರೆದಿದ್ದರೆ ಸಾಮಾನ್ಯವಾಗಿ ಪಾತ್ರೆಯೆಂದೂ, ಬೆಲ್ಲ-ತುಪ್ಪಗಳ ಮುಂದೆ ಬರೆದಿದ್ದರೆ ತೂಕವೆಂದೂ ಓದಿಕೊಳ್ಳಬೇಕಾಗುತ್ತದೆ. 1956ರ ಕಾಯ್ದೆಯ ಮೂಲಕ ದೇಶವು ಮೆಟ್ರಿಕ್ ಪದ್ಧತಿಯನ್ನು ಒಪ್ಪಿಕೊಂಡು, 1958ರ ಅಕ್ಟೋಬರಿನಿಂದ ಕಿಲೋ-ಗ್ರಾಮುಗಳು ಪೇಟೆಗೆ ಬರತೊಡಗಿದರೂ ‘ಪಾವ್’ ಎಂಬ ಮಾತು ಹೋಗಲಿಲ್ಲ, ಅದರ ತೂಕವಷ್ಟೇ ಬದಲಾಯಿತು. ಸೇರಿನ ಕಾಲು ಭಾಗವಾಗಿದ್ದಾಗ ಅದು 233 ಗ್ರಾಂ ಇತ್ತು. ಇಂದು ಹುಬ್ಬಳ್ಳಿಯ ದುರ್ಗದ ಬೈಲಿನ ಅಂಗಡಿಯಲ್ಲಿ ಪಾವ್ ಕಿಲೋ ಕೇಳಿದರೆ 250 ಗ್ರಾಂ ಕಟ್ಟಿಕೊಡುತ್ತಾರೆ.

ನಮ್ಮ ವಾಟಗ ಎಷ್ಟು ಹಿಡಿಯುತ್ತದೆ

ಕೋಷ್ಟಕ ಮಾಡುವ ಮೊದಲು ಇದನ್ನು ತಿಳಿಯಬೇಕು. ಬರಿಯ ವಾಟಗವನ್ನು ತಕ್ಕಡಿಯ ಮೇಲಿಟ್ಟು, ಟೇರ್ ಗುಂಡಿ ಒತ್ತಿ ಅಂಕಿಯನ್ನು ಸೊನ್ನೆಗೆ ತಂದು, ಬಾಯಿಮಟ್ಟ ನೀರು ತುಂಬಿದರೆ ಎಷ್ಟು ಗ್ರಾಂ ತೋರಿಸುತ್ತದೆಯೋ ವಾಟಗವು ಅಷ್ಟು ಮಿ.ಲೀ.ನದು ಎಂದಾಯಿತು, ಏಕೆಂದರೆ ಅಡುಗೆಮನೆಯ ಮಟ್ಟಿಗೆ ಒಂದು ಮಿ.ಲೀ. ನೀರು ಒಂದು ಗ್ರಾಮೇ. ತಕ್ಕಡಿ ಇಲ್ಲದಿದ್ದರೆ ಅರ್ಧ ಲೀಟರ್ ಹಾಲಿನ ಪಾಕೀಟನ್ನು ಕತ್ತರಿಸಿ ವಾಟಗಕ್ಕೆ ಸುರಿಯುತ್ತ ಹೋಗಬಹುದು. ಎರಡೂವರೆ ವಾಟಗ ತುಂಬಿದರೆ ಅದು 200 ಮಿ.ಲೀ.ನ ವಾಟಗ. ಮುಂದಿನ ಅಂಕಿಗಳನ್ನೆಲ್ಲ ಲೆಕ್ಕಕ್ಕೆ ಸುಲಭವಾಗಲೆಂದು 200 ಮಿ.ಲೀ.ನ ವಾಟಗಕ್ಕೇ ಕೊಟ್ಟಿದ್ದೇನೆ. ನಿಮ್ಮದು 150ರದಾಗಿದ್ದರೆ ಮುಕ್ಕಾಲು ಪಾಲು ಹಿಡಿಯಿರಿ.

ಕಾಳು, ಬೇಳೆ, ಅಕ್ಕಿ: ತೂಗಬೇಕಾಗಿಲ್ಲ

ಪಾತ್ರೆಯ ತುಂಬ ಅಕ್ಕಿ ಇದೆಯೆಂದರೂ ಅದರಲ್ಲಿ ಹತ್ತರಲ್ಲಿ ನಾಲ್ಕು ಪಾಲಿನಷ್ಟು ಜಾಗ ಕಾಳುಗಳ ನಡುವಿನ ಗಾಳಿಯದೇ. ಆದರೆ ಕಾಳು ಗಟ್ಟಿಯಾದ್ದರಿಂದ ಒತ್ತಿದರೂ ಆ ಜಾಗ ಹೆಚ್ಚು ಕುಗ್ಗುವುದಿಲ್ಲ. ಹೀಗಾಗಿ ಯಾರು ತುಂಬಿದರೂ, ಬಾಯಿಗೆ ಸಮವಾಗಿ ಒರೆಸಿದರೆ, ತೂಕ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. 200 ಮಿ.ಲೀ. ವಾಟಗದಲ್ಲಿ ಅಕ್ಕಿ ಸುಮಾರು 165 ಗ್ರಾಂ, ಕಡಲೆಬೇಳೆ ಮತ್ತು ತೊಗರಿಬೇಳೆ 165ರಿಂದ 170, ಸಕ್ಕರೆ 170, ಜೋಳ 150ರ ಮೇಲೆ. ಇನ್ನೊಂದು ಅನುಕೂಲವೆಂದರೆ ಅಕ್ಕಿಯೂ ಬೇಳೆಗಳೂ ಪಾತ್ರೆಯಲ್ಲಿ ಹತ್ತಿರ ಹತ್ತಿರ ಒಂದೇ ತೂಕಕ್ಕೆ ಬರುವುದರಿಂದ, ನಾಲ್ಕು ವಾಟಗ ಅಕ್ಕಿಗೆ ಒಂದು ವಾಟಗ ಉದ್ದಿನಬೇಳೆ ಎಂಬ ದೋಸೆಯ ಅನುಪಾತವು ತೂಕದಲ್ಲಿಯೂ ನಾಲ್ಕಕ್ಕೆ ಒಂದಾಗಿಯೇ ಉಳಿಯುತ್ತದೆ. ಇಲ್ಲಿ ಪರಿವರ್ತನೆಯ ಅಗತ್ಯವೇ ಇಲ್ಲ. ತೂಗುವುದು ಬೇಕಾಗುವುದು ಮದುವೆ-ಮುಂಜಿಯ ಪಟ್ಟಿ ಬರೆಯುವಾಗ, ಅಂಗಡಿಗೆ ಕಿಲೋದಲ್ಲಿ ಹೇಳಬೇಕಾದಾಗ ಮಾತ್ರ.

ಚುರುಮುರಿ ಮತ್ತು ಅವಲಕ್ಕಿ ಇದಕ್ಕೆ ತದ್ವಿರುದ್ಧ. ಒಂದು ವಾಟಗ ಚುರುಮುರಿ ಹದಿನೈದು ಗ್ರಾಮಿನ ಆಸುಪಾಸಿನಲ್ಲಿರುತ್ತದೆ. ಮನೆಯ ತಕ್ಕಡಿಯ ತಟ್ಟೆಯ ಮೇಲೆ ಅದು ನಿಲ್ಲುವುದೂ ಕಷ್ಟ. ಗಿರ್ಮಿಟ್ ಮಾಡಲು ಚುರುಮುರಿಯನ್ನು ತೂಗಿದವರು ಹುಬ್ಬಳ್ಳಿಯಲ್ಲಿ ಯಾರೂ ಇರಲಿಕ್ಕಿಲ್ಲ, ಇರಬೇಕಾಗಿಯೂ ಇಲ್ಲ.

ಹಿಟ್ಟು: ತಕ್ಕಡಿ ಇಲ್ಲಿಗೇ ಬೇಕು

ಹಿಟ್ಟಿನ ಕಣಗಳು ಸಣ್ಣವು, ಒಂದಕ್ಕೊಂದು ಅಂಟಿಕೊಳ್ಳುವಂಥವು, ತಮ್ಮ ನಡುವೆ ಬೇಕಾದಷ್ಟು ಗಾಳಿ ಹಿಡಿದಿಟ್ಟುಕೊಳ್ಳುವಂಥವು. ಗಿರಣಿಯಿಂದ ಬೀಸಿಕೊಂಡು ಬಂದ ಗೋಧಿ ಹಿಟ್ಟನ್ನು ಜರಡಿ ಹಿಡಿದು, ಚಮಚದಿಂದ ವಾಟಗಕ್ಕೆ ಉದುರಿಸಿ, ಮೇಲನ್ನು ಚಾಕುವಿನಿಂದ ಸಮ ಮಾಡಿ ತೂಗಿದಾಗ ನನಗೆ 102 ಗ್ರಾಂ ಬಂತು. ಅದೇ ಹಿಟ್ಟು ಎರಡು ವಾರ ಡಬ್ಬಿಯಲ್ಲಿ ಕುಳಿತ ಮೇಲೆ ವಾಟಗವನ್ನೇ ಅದ್ದಿ, ಡಬ್ಬಿಯ ಗೋಡೆಗೆ ಒತ್ತಿ ಎತ್ತಿದಾಗ 130 ಗ್ರಾಂ. ಹಿಟ್ಟು ಅದೇ, ವಾಟಗ ಅದೇ, ಕೈ ಕೂಡ ಅದೇ. ಆದರೂ ನಾಲ್ಕರಲ್ಲಿ ಒಂದು ಪಾಲು ಹೆಚ್ಚು. ಮೈದಾದ ನಡತೆಯೂ ಇಷ್ಟೇ. ಕಡಲೆ ಹಿಟ್ಟು ಇವೆರಡಕ್ಕಿಂತ ಹಗುರ, 85ರಿಂದ 110ರವರೆಗೆ ಎಲ್ಲಿ ಬೇಕಾದರೂ ನಿಲ್ಲುತ್ತದೆ. ರವೆ ಮಾತ್ರ ಕಾಳಿನ ಸ್ವಭಾವದ್ದು. ಸುಮಾರು 135ರಿಂದ 140, ಒತ್ತಿದರೂ ಹೆಚ್ಚು ಏರುವುದಿಲ್ಲ. ಉಪ್ಪಿಟ್ಟಿಗೆ ವಾಟಗವೇ ಸಾಕೆನ್ನುವುದು ಅದಕ್ಕಾಗಿ.

ಹಾಗಾದರೆ ಹಿಟ್ಟನ್ನು ಯಾವಾಗಲೂ ತೂಗಬೇಕೇ ಎಂದರೆ, ಇಲ್ಲ. ಜೋಳದ ರೊಟ್ಟಿಗೆ ಕುದಿಯುವ ನೀರು ಹಾಕಿ ನಾದುವವರ ಕೈಗೆ ಹಿಟ್ಟು ಎಷ್ಟು ನೀರು ಬೇಡುತ್ತದೆಂಬುದು ನಾದುತ್ತಲೇ ತಿಳಿಯುತ್ತದೆ. ಮಿರ್ಚಿ ಬಜಿಯ ಹಿಟ್ಟಿನ ಹದವೂ ಮೆಣಸಿನಕಾಯಿಗೆ ಅಂಟುವುದರಲ್ಲಿ ಗೊತ್ತಾಗುತ್ತದೆ. ತೆಳುವಾದರೆ ಇನ್ನೊಂದು ಹಿಡಿ ಹಿಟ್ಟು ಬೀಳುತ್ತದೆ, ಅಷ್ಟೇ. ನಡುವೆ ಕೈಯಿಟ್ಟು ತಿದ್ದಲು ಬರುವ ಅಡುಗೆಗೆ ತಕ್ಕಡಿಯ ಹಂಗಿಲ್ಲ. ಕೇಕು, ಬಿಸ್ಕೀಟು, ಬ್ರೆಡ್ಡುಗಳು ಹಾಗಲ್ಲ: ಒಲೆಯೊಳಗೆ ಹೋದ ಮೇಲೆ ತಿದ್ದಲು ಬರುವುದಿಲ್ಲ. ಎರಡು ವಾಟಗ ಮೈದಾದ ಕೇಕಿನಲ್ಲಿ ಕೈ ಭಾರವಾದರೆ ಐವತ್ತು ಗ್ರಾಂ ಹಿಟ್ಟು ಹೆಚ್ಚಾಗುತ್ತದೆ, ಕೇಕು ಒಣಗಿ ಬಿರಿಯುತ್ತದೆ. ಬೇಸನ್ ಉಂಡೆಯೂ ಈ ಸಾಲಿಗೇ ಸೇರುತ್ತದೆ. ತುಪ್ಪ ಕುಡಿದು ಹುರಿದ ಹಿಟ್ಟಿಗೆ ಸಕ್ಕರೆ ಹೆಚ್ಚಾದರೆ ಹೊರತೆಗೆಯುವುದು ಹೇಗೆ?

ತಕ್ಕಡಿ ಇಲ್ಲದವರು ಕನಿಷ್ಠ ತುಂಬುವ ರೀತಿಯನ್ನಾದರೂ ಒಂದೇ ಮಾಡಿಕೊಳ್ಳಬೇಕು. ಹಿಟ್ಟನ್ನು ಮೊದಲು ಚಮಚದಿಂದ ಕೆದಕಿ ಸಡಿಲಿಸಿ, ಚಮಚದಿಂದಲೇ ತುಂಬಿ, ಕುಟ್ಟದೆ, ಮೇಲನ್ನು ಒರೆಸುವುದು ಉತ್ತಮ ರೀತಿ. ಇಂಗ್ಲಿಷ್ ಪಾಕವಿಧಾನಗಳಲ್ಲಿ ಒಂದು ಕಪ್ಪಿನಷ್ಟು ಮೈದಾಕ್ಕೆ 120 ಅಥವಾ 125 ಗ್ರಾಂ ಎಂದಿರುವಲ್ಲಿ ಈ ರೀತಿಯನ್ನೇ ಹಿಡಿದಿರುತ್ತಾರೆ.

ಬೆಲ್ಲ, ಶೇಂಗಾ, ಕೊಬ್ಬರಿ: ಯಾವ ರೂಪದಲ್ಲಿ ಅಳೆದದ್ದು

‘ಬೇಳೆ ಬೆಲ್ಲ ಸಮ ಸಮ’ ಎಂಬ ಮಾತನ್ನು ಕೇಳದವರಿಲ್ಲ. ಯಾವುದರಲ್ಲಿ ಸಮ? ಅಚ್ಚುಬೆಲ್ಲವನ್ನು ಒರಟಾಗಿ ಒಡೆದು ವಾಟಗಕ್ಕೆ ಹಾಕಿದರೆ ಹೋಳುಗಳ ನಡುವೆ ಸಂದು ಉಳಿದು 130 ಗ್ರಾಮಿಗೇ ವಾಟಗ ತುಂಬಿದಂತೆ ಕಾಣುತ್ತದೆ; ಸಣ್ಣಗೆ ಕೆರೆದು ಬೆರಳಿನಿಂದ ಒತ್ತಿ ತುಂಬಿದರೆ 200 ಗ್ರಾಂ ದಾಟುತ್ತದೆ. ಒಂದು ವಾಟಗ ಬೇಳೆ 168 ಗ್ರಾಂ ಎಂದು ಹಿಡಿದರೆ, ಅಳತೆಯಲ್ಲಿ ಸಮವೆಂಬುದು ತೂಕದಲ್ಲಿ ಬೇಳೆಗಿಂತ ಸಾಕಷ್ಟು ಕಡಿಮೆಯೂ ಆಗಬಹುದು, ಹೆಚ್ಚೂ ಆಗಬಹುದು. ಹೂರಣದ ಗಟ್ಟಿತನ ನಿಂತಿರುವುದು ಬೆಲ್ಲದ ಮೇಲೆಯೇ. ಆದ್ದರಿಂದ ಬೆಲ್ಲವನ್ನು ವಾಟಗದಲ್ಲಿ ಅಳೆಯುವುದನ್ನು ನಾನು ಪೂರ್ತಿಯಾಗಿ ಬಿಟ್ಟಿದ್ದೇನೆ. ತೂಕದಲ್ಲಿ ಸಮ ಹಾಕಿದ ಹೂರಣ ನಮ್ಮ ಮನೆಯ ನಾಲಿಗೆಗೆ ಸರಿಹೋಗುತ್ತದೆ.

ಶೇಂಗಾ ಹೋಳಿಗೆಯಲ್ಲಿ ಇದರ ಇನ್ನೊಂದು ಮುಖವಿದೆ. ‘ಒಂದು ವಾಟಗ ಶೇಂಗಾ ಹುರಿದು ಪುಡಿ ಮಾಡಿದ್ದು’ ಎಂದು ಬರೆದಿದ್ದರೆ ಅಳೆದದ್ದು ಕಾಳನ್ನೋ ಪುಡಿಯನ್ನೋ? ಇಡಿ ಶೇಂಗಾ ಒಂದು ವಾಟಗಕ್ಕೆ 120 ಗ್ರಾಂ ಬರುತ್ತದೆ. ಹುರಿದು ಸಿಪ್ಪೆ ತೆಗೆದು ತರಿತರಿಯಾಗಿ ಪುಡಿ ಮಾಡಿದರೆ ಅದೇ ಶೇಂಗಾ ಉಬ್ಬಿ ಒಂದು ವಾಟಗವನ್ನು ಮೀರುತ್ತದೆ. ಒಂದು ವಾಟಗ ಪುಡಿಯಲ್ಲಿ 90ರಿಂದ 100 ಗ್ರಾಂ ಮಾತ್ರ ಇರುತ್ತದೆ. ತೂಕದಲ್ಲಿ ಬರೆದರೆ ಈ ಪ್ರಶ್ನೆ ಬಹುಮಟ್ಟಿಗೆ ಇಲ್ಲವಾಗುತ್ತದೆ, ಸಿಪ್ಪೆ ಮತ್ತು ತೇವ ಹೋದಷ್ಟೇ ಕಡಿಮೆ. ಒಣಕೊಬ್ಬರಿಯ ತುರಿಗೂ ಇದೇ ಮಾತು: ವಾಟಗಕ್ಕೆ 65 ಗ್ರಾಮಿನ ಆಸುಪಾಸು, ಆದರೆ ತುರಿಯುವ ಮಣೆಯ ಹಲ್ಲಿನ ಮೇಲೆ ಹೋಗುತ್ತದೆ. ಎಳ್ಳು ಕಾಳಿನ ಜಾತಿ, 120 ಗ್ರಾಂ, ನಂಬಬಹುದು.

ಮಸಾಲೆ ಖಾರಕ್ಕೆ ಬ್ಯಾಡಗಿ ಮೆಣಸಿನಕಾಯಿಯನ್ನು ವಾಟಗದಲ್ಲಿ ಅಳೆಯುವ ಯೋಚನೆಯನ್ನು ಯಾರೂ ಮಾಡುವುದಿಲ್ಲ, ಒಣಗಿ ಸುಕ್ಕಾದ ಕಾಯಿ ಪಾತ್ರೆಯಲ್ಲಿ ಕೂರುವುದೇ ಇಲ್ಲ. ಅಲ್ಲಿ ಕೇಳಬೇಕಾದದ್ದು ಒಂದೇ: ಹೇಳಿದ ತೂಕ ತೊಟ್ಟು ಬಿಡಿಸುವ ಮೊದಲಿನದೋ ಆಮೇಲಿನದೋ. ಅಂಗಡಿಯಲ್ಲಿ ತೂಗುವುದು ತೊಟ್ಟಿನೊಂದಿಗೆ, ಧನಿಯಾ-ಜೀರಿಗೆಗಳನ್ನು ಸೇರಿಸುವುದು ತೊಟ್ಟು ತೆಗೆದು ಬಿಸಿಲಿಗಿಟ್ಟ ಕಾಯಿಗೆ.

ಉಪ್ಪಿನಕಾಯಿಗೆ ಉಪ್ಪನ್ನು ತಪ್ಪದೆ ತೂಗಬೇಕು. ಪುಡಿ ಉಪ್ಪು ವಾಟಗಕ್ಕೆ 240 ಗ್ರಾಂ ತೂಗಿದರೆ ಹರಳುಪ್ಪು ಸಂದುಗಳಿಂದಾಗಿ ಅದಕ್ಕಿಂತ ಕಡಿಮೆ ತೂಗುತ್ತದೆ. ಹರಳುಪ್ಪಿನ ಕಾಲದ ವಾಟಗದ ಲೆಕ್ಕಕ್ಕೆ ಈಗಿನ ಪಾಕೀಟಿನ ಪುಡಿ ಉಪ್ಪು ಹಾಕಿ ಬಾಯಿಗಿಡಲಾಗದ ಉಪ್ಪಿನಕಾಯಿ ಮಾಡಿಕೊಂಡವರಿದ್ದಾರೆ.

ಎಣ್ಣೆ, ತುಪ್ಪ, ಹಾಲು

ದ್ರವಗಳಿಗೆ ಪಾತ್ರೆಯೇ ಅನುಕೂಲ. 200 ಮಿ.ಲೀ. ಹಾಲು 206 ಗ್ರಾಂ, ಮೊಸರು ಅಷ್ಟೇ, ಕರಗಿದ ತುಪ್ಪ ಮತ್ತು ಎಣ್ಣೆ ಸುಮಾರು 182, ಜೇನುತುಪ್ಪ 280. ಜೇನುತುಪ್ಪವನ್ನು ಮಾತ್ರ ನೇರವಾಗಿ ಪಾತ್ರೆಗೇ ಸುರಿದು ತೂಗುವುದು ಲೇಸು. ಚಮಚಕ್ಕೆ ಅಂಟಿಕೊಂಡದ್ದು ಲೆಕ್ಕಕ್ಕೂ ಇಲ್ಲ, ಅಡುಗೆಗೂ ಇಲ್ಲ.

ಎಣ್ಣೆಯ ವಿಷಯದಲ್ಲಿ ಈ ಪರಿವರ್ತನೆ ಅಡುಗೆಗಿಂತ ಖರೀದಿಗೆ ಹೆಚ್ಚು ಉಪಯೋಗ. ಪೇಟೆಯಲ್ಲಿ 15 ಕಿಲೋದ ಡಬ್ಬಿಯೂ ಇದೆ, 15 ಲೀಟರಿನ ಡಬ್ಬಿಯೂ ಇದೆ. ನೋಡಲು ಅಣ್ಣತಮ್ಮಂದಿರಂತೆ ಇರುತ್ತವೆ. ಹದಿನೈದು ಲೀಟರ್ ಎಣ್ಣೆ ತೂಗುವುದು ಸುಮಾರು 13.7 ಕಿಲೋ, ಹದಿನೈದು ಕಿಲೋ ಎಣ್ಣೆಯ ಅಳತೆ ಸುಮಾರು 16.4 ಲೀಟರ್. ದರ ಹೋಲಿಸುವಾಗ ಈ ಒಂದು ಕಿಲೋ ಮುನ್ನೂರು ಗ್ರಾಮನ್ನು ಮರೆಯಬಾರದು. ಎಣ್ಣೆ ಬಿಸಿಯಾದಂತೆ ಹಿಗ್ಗುತ್ತದೆಂಬುದೂ ಇದರಲ್ಲಿ ಸೇರಿದೆ: ಒಂದು ಲೀಟರ್ ಸೋಯಾ ಎಣ್ಣೆ 21 ಡಿಗ್ರಿಯಲ್ಲಿ 919.1 ಗ್ರಾಂ ಇದ್ದರೆ 60 ಡಿಗ್ರಿಯಲ್ಲಿ 892.6 ಗ್ರಾಂ ಆಗುತ್ತದೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯೇ 2022ರಲ್ಲಿ ಉದಾಹರಣೆ ಕೊಟ್ಟು, ಲೀಟರಿನ ಜೊತೆಗೆ ತೂಕವನ್ನೂ ಉಷ್ಣತೆಯ ಉಲ್ಲೇಖವಿಲ್ಲದೆ ಸರಿಯಾಗಿ ಮುದ್ರಿಸಬೇಕೆಂದು ತಯಾರಕರಿಗೆ ಸೂಚಿಸಿತ್ತು. ಪಾಕೀಟಿನ ಹಿಂಬದಿಯಲ್ಲಿ ಆ ಗ್ರಾಂ ಅಂಕಿಯನ್ನು ಹುಡುಕಿ ನೋಡಿ, ಹೋಲಿಸಬೇಕಾದದ್ದು ಅದನ್ನು.

ಚಮಚದಷ್ಟರದ್ದು ಚಮಚಕ್ಕೇ ಇರಲಿ

ತಕ್ಕಡಿ ತಂದ ಉತ್ಸಾಹದಲ್ಲಿ ಅಡುಗೆ ಸೋಡಾವನ್ನೂ ತೂಗಲು ಹೊರಡುವುದು ತಪ್ಪು. ಮನೆಯ ಸಾಮಾನ್ಯ ತಕ್ಕಡಿ ಒಂದು ಗ್ರಾಮಿನ ಮೆಟ್ಟಿಲಲ್ಲಿ ಅಂಕಿ ತೋರಿಸುತ್ತದೆ, ಎರಡು ಗ್ರಾಂ ಎಂದು ತೋರಿಸಿದಾಗ ನಿಜವಾದ ತೂಕ ಒಂದೂವರೆಯೂ ಇರಬಹುದು, ಎರಡೂವರೆಯೂ ಇರಬಹುದು. ಅದಲ್ಲದೆ ಚಿಟಿಕೆ ಚಿಟಿಕೆಯಾಗಿ ಉದುರಿಸಿದರೆ ಕೆಲವು ತಕ್ಕಡಿಗಳು ಆ ಸಣ್ಣ ಏರಿಕೆಯನ್ನು ಗಮನಿಸುವುದೇ ಇಲ್ಲ. ಇಲ್ಲಿ 5 ಮಿ.ಲೀ.ನ ಅಳತೆ ಚಮಚವೇ ಹೆಚ್ಚು ನಂಬಿಗಸ್ಥ: ಸಮ ಮಾಡಿದ ಒಂದು ಚಮಚ ಸೋಡಾ ಸುಮಾರು 5 ಗ್ರಾಂ, ಪುಡಿ ಉಪ್ಪು 6 ಗ್ರಾಂ, ಒಣ ಈಸ್ಟ್ 3 ಗ್ರಾಂ. ಚಹಾ ಕಲಕುವ ಚಮಚ ಬೇಡ, ಅದು ಮನೆಗೊಂದು ತರಹ. ಕಪ್ಪು-ಚಮಚಗಳ ಜೋಡಣೆಯನ್ನು ಕೊಳ್ಳುವುದಿದ್ದರೆ ನಾನು ಕೊಳ್ಳಲು ಹೇಳುವುದು ಚಮಚಗಳಿಗಾಗಿಯೇ. ಕಪ್ಪಿನ ಕೆಲಸವನ್ನು, ಗಾತ್ರ ಗೊತ್ತಿರುವ ವಾಟಗ ಮಾಡುತ್ತದೆ.

ತಕ್ಕಡಿ ಕೊಳ್ಳುವವರಿಗೆ

ಐದು ಕಿಲೋವರೆಗೆ ತೂಗುವ, ಒಂದು ಗ್ರಾಂ ಮೆಟ್ಟಿಲಿನ, ಟೇರ್ ಗುಂಡಿಯಿರುವ ತಕ್ಕಡಿ ಮನೆಗೆ ಸಾಕು. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ತಟ್ಟೆ ಅಗಲವಾಗಿರಲಿ, ಇಲ್ಲದಿದ್ದರೆ ದೊಡ್ಡ ಪರಾತವನ್ನಿಟ್ಟಾಗ ಅಂಕಿಯ ಕಿಟಕಿಯೇ ಮುಚ್ಚಿಹೋಗುತ್ತದೆ. ತಂದ ದಿನವೇ ಪರೀಕ್ಷಿಸುವುದು ಒಳ್ಳೆಯದು. 2011ರ ಸರಣಿಯ ಐದು ರೂಪಾಯಿಯ ಹಳದಿ ನಾಣ್ಯ 6 ಗ್ರಾಂ ತೂಗುತ್ತದೆ, ಹತ್ತು ನಾಣ್ಯ ಇಟ್ಟರೆ 60 ತೋರಿಸಬೇಕು. ಅದಕ್ಕಿಂತ ಹಳೆಯ ಬಿಳಿ ನಾಣ್ಯಗಳಲ್ಲಿ ದಪ್ಪನೆಯವು ಭಾರವಾದ್ದರಿಂದ ಬೆರೆಸಬಾರದು. ಹೆಚ್ಚಿನ ತೂಕಕ್ಕೆ ಒಡೆಯದ ಒಂದು ಕಿಲೋ ಉಪ್ಪಿನ ಪಾಕೀಟು ಸಾಕು, ಪ್ಲಾಸ್ಟಿಕ್ಕಿನ ಕೆಲವು ಗ್ರಾಂ ಹೆಚ್ಚು ಬರುತ್ತದೆ. ಗಟ್ಟಿಯಾದ ಸಮತಟ್ಟು ಕಟ್ಟೆಯ ಮೇಲಿಡಬೇಕು, ಬಟ್ಟೆ ಹಾಸಿದ ಮೇಜಿನ ಮೇಲಲ್ಲ. ಸೆಲ್ ಇಳಿದಾಗ ಅಂಕಿ ಓಲಾಡುತ್ತದೆ.

ಒಂದು ಮಧ್ಯಾಹ್ನ ಕುಳಿತು ಮನೆಯಲ್ಲಿ ನಿತ್ಯ ಬಳಸುವ ಹತ್ತು-ಹನ್ನೆರಡು ಸಾಮಾನುಗಳನ್ನು, ಪ್ರತಿಯೊಂದನ್ನು ಮೂರು ಸಲ ತುಂಬಿ ತೂಗಿ ನಡುವಿನ ಅಂಕಿಯನ್ನು ಬರೆದುಕೊಂಡರೆ ಕೋಷ್ಟಕ ಮುಗಿಯಿತು. ಮೂರೂ ಅಂಕಿ ಹತ್ತಿರ ಬಂದ ಸಾಮಾನನ್ನು ಮುಂದೆ ವಾಟಗದಲ್ಲಿಯೇ ಅಳೆಯಬಹುದು. ದೂರ ದೂರ ಬಂದದ್ದನ್ನು ತೂಗಬೇಕು. ನಮ್ಮ ಮನೆಯ ಆ ಹಾಳೆ ಕಪಾಟಿನ ಬಾಗಿಲ ಒಳಬದಿಗೆ ಅಂಟಿದೆ. ಅದರ ಮೊದಲ ಸಾಲು, ವೈನಿಯವರ ಹೂರಣ: ಕಡಲೆಬೇಳೆ 1 ಕಿಲೋ, ಅಂದರೆ ಅವರ ವಾಟಗದಲ್ಲಿ ಐದು, ನಮ್ಮದರಲ್ಲಿ ಏಳೂವರೆ, ಬೆಲ್ಲ 1 ಕಿಲೋ.